ಹೆಣ ತೋರ್ಸಿಲ್ಲ ಅಂದ್ರ ಸತ್ತಿಲ್ಲ: ಧಾರಾವಾಹಿ ನೋಡುವವರ ಲೆಕ್ಕ

(ಕಲಬುರಗಿಯ ಓದುಗರ ಬಳಗವೊಂದರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ನಡುನಡುವೆ ಬಂದ ಮಾತುಗಳನ್ನೂ ಅಲ್ಲಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಧಾರಾವಾಹಿ ನೋಡುವವರಲ್ಲಿ ಒಂದು ಕಾಯ್ದೆ ಚಾಲ್ತಿಯಲ್ಲಿದೆ. ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ಶಹಾಬಾದಿನಿಂದ ಹುಮನಾಬಾದಿನ ತನಕ ಎಲ್ಲರಿಗೂ ಬಾಯಿಪಾಠ: "ಹೆಣ ತೋರ್ಸಿಲ್ಲ ಅಂದ್ರ ಸತ್ತಿಲ್ಲ." ಕಾರು ಕಣಿವೆಗೆ ಉರುಳಿರಲಿ, ಹೊಳೆದಂಡೆಯಲ್ಲಿ ಬರೀ ಚಪ್ಪಲಿ ಸಿಕ್ಕಿರಲಿ, ಮನೆಯವರು ಫೋಟೊಕ್ಕೆ ಹಾರ ಹಾಕಿ ದೀಪ ಹಚ್ಚಿರಲಿ, ಹೆಣ ಕಾಣುವ ತನಕ ನಮ್ಮವರು ಒಪ್ಪುವುದಿಲ್ಲ. ಹೆಣ ತೋರಿಸಿದರೂ ಅದಕ್ಕೊಂದು ಉಪಕಾಯ್ದೆ ಇದೆ: ಮಾರಿ ತೋರಿಸಿದರೋ, ಬರೀ ಬಿಳೇ ಬಟ್ಟೆ ತೋರಿಸಿದರೋ?

ಇದನ್ನು ಕೇಳಿ ನೀವೆಲ್ಲ ನಕ್ಕಿರಿ. ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ಈ ಕಾಯ್ದೆ ಅನುಭವದಿಂದ ಹುಟ್ಟಿದ್ದು. 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಶುರುವಾಯಿತು. ಕಲಬುರಗಿ, ಬೀದರಿನಲ್ಲಿ ಹಿಂದಿ ತಿಳಿಯದ ಓಣಿ ಯಾವುದಿದೆ? ಎದುರು ಮನೆಯ ಖಾಲಾಜಾನ್ ಜೊತೆ ದಿನಾ ದಖನಿ ಉರ್ದು ಆಡುವವರಿಗೆ ಸ್ಟಾರ್ ಪ್ಲಸ್‌ನ ಹಿಂದಿ ಏನು ದೊಡ್ಡದು. ಆ ಧಾರಾವಾಹಿಯಲ್ಲಿ ನಾಯಕ ಮಿಹಿರ್ ಸತ್ತ. ದೇಶದ ತುಂಬ ನೋಡುಗರು ಸಿಟ್ಟಿಗೆದ್ದರು. ಸತ್ತವನು ತಿರುಗಿ ಬಂದ. ಅಂದು ನೋಡುಗರು ಕಲಿತ ಪಾಠ ಒಂದೇ: ಇಲ್ಲಿ ಸಾವು ಕೂಡ ಕಾಯಂ ಅಲ್ಲ, ನಾವು ಗದ್ದಲ ಮಾಡಿದರೆ ರದ್ದಾಗುತ್ತದೆ. ಇಪ್ಪತ್ತೈದು ವರ್ಷದಿಂದ ಆ ಪಾಠವನ್ನು ಅವರು ಮರೆತಿಲ್ಲ.

ಇವತ್ತು ನಾನು ಹೇಳಬೇಕಾದದ್ದು ಇದರ ಸುತ್ತಲೇ ಇದೆ. ಪಾತ್ರಗಳ ಬಗ್ಗೆ ನೋಡುಗರು ಕಟ್ಟುವ ಊಹೆಗಳನ್ನು ನಾವು, ಅಂದರೆ ಕನ್ನಡ ಎಂ.ಎ. ಓದಿದವರು, ಹೊತ್ತು ಹೋಗದವರ ಹರಟೆ ಅಂದುಕೊಂಡಿದ್ದೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ದಿನದ ಧಾರಾವಾಹಿಯಲ್ಲಿ ಒಂದು ಪಾತ್ರವನ್ನು ಮೊದಲಿಂದ ಕೊನೆತನಕ ಒಂದೇ ಮನುಷ್ಯ ಎಂದು ಹಿಡಿದಿಡುವವರು ನೋಡುಗರು ಮಾತ್ರ. ಬರೆಯುವವರು ಬಿಟ್ಟುಹೋದ ತೂತುಗಳಿಗೆ ತ್ಯಾಪೆ ಹಚ್ಚುವುದೇ ಆ ಊಹೆಗಳ ಕೆಲಸ.

ಯಾಕೆ ಹೀಗೆ ಅನ್ನುತ್ತೇನೆ ಎಂದರೆ, ಧಾರಾವಾಹಿ ತಯಾರಾಗುವ ರೀತಿ ನೋಡಿ. ಅರ್ಧ ತಾಸಿನಲ್ಲಿ ಜಾಹೀರಾತು ತೆಗೆದರೆ ಉಳಿಯುವ ಕತೆ ಸುಮಾರು 22 ನಿಮಿಷ. ವಾರಕ್ಕೆ ಐದೋ ಆರೋ ಸಂಚಿಕೆ. ಕತೆ ಒಬ್ಬರದು, ಚಿತ್ರಕತೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಎಲ್ಲರ ಮೇಲೆ ವಾಹಿನಿಯವರ ಸಲಹೆ. ಗುರುವಾರ ಟಿಆರ್‌ಪಿ ಬರುತ್ತದೆ, ಅಂಕ ಇಳಿದಿದ್ದರೆ ಟ್ರ್ಯಾಕ್ ಬದಲಾಗುತ್ತದೆ. ಮುಂಚಿತವಾಗಿ ಚಿತ್ರೀಕರಿಸಿ ಇಟ್ಟ ಸಂಚಿಕೆಗಳು ತೀರಿದರೆ ನಿನ್ನೆ ಚಿತ್ರೀಕರಿಸಿದ್ದು ಇವತ್ತು ಪ್ರಸಾರ. ನಟಿ ಬೇರೆ ಕೆಲಸ ಒಪ್ಪಿಕೊಂಡರೆ ಪಾತ್ರಕ್ಕೆ ಮೂರು ದಾರಿ: ಬೇರೆ ಮುಖ, ವಿದೇಶ, ಇಲ್ಲವೇ ಸ್ಮಶಾನ. ಮೂರು ವರ್ಷ ಹೀಗೆ ನಡೆದ ಮೇಲೆ, ನಲವತ್ತನೇ ಸಂಚಿಕೆಯಲ್ಲಿ ಅತ್ತೆ ದೇವರ ಮುಂದೆ ಏನು ಆಣೆ ಮಾಡಿದ್ದಳು ಎಂಬುದು ಆ ತಂಡದಲ್ಲಿ ಯಾರಿಗೆ ನೆನಪಿರುತ್ತದೆ? ಇಲ್ಲಿ ಕೂತ ಈ ಅಕ್ಕೋರಿಗೆ ನೆನಪಿದೆ. ಕಿರಾಣಿ ಅಂಗಡಿಯ ಉದ್ರಿ ವಹಿಯಂತೆ, ಯಾವ ಪಾತ್ರ ಯಾರಿಗೆ ಏನು ಬಾಕಿ ಇಟ್ಟಿದೆ ಎಂಬುದು ಅವರಲ್ಲಿ ತಾರೀಖು ಸಮೇತ ದಾಖಲು.

ಒಂದು ಸಂಜೆಯ ಮಾತು ಹೇಳುತ್ತೇನೆ. ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಮನೆ ಇದೆ. ಖಾನಾವಳಿಗೆ, ಮದುವೆ ಮನೆಗೆ, ಬೆಂಗಳೂರಿಗೆ ಹೋಗುವವರ ಗಂಟಿಗೆ ಅಲ್ಲಿಂದಲೇ ಖಟಕ ರೊಟ್ಟಿ. ಸಂಜೆ ಏಳಕ್ಕೆ ನಾಲ್ಕು ಹೆಂಗಸರು ಕೂತಿರುತ್ತಾರೆ. ಒಬ್ಬಳು ಹಿಟ್ಟು ನಾದುವವಳು, ಇಬ್ಬರು ಬಡಿಯುವವರು, ಒಬ್ಬಳು ಹಂಚಿನ ಮುಂದೆ. ಟಿವಿ ಗೋಡೆಯ ಕಪಾಟಿನಲ್ಲಿ. ಬಡಿಯುವವರ ಬೆನ್ನು ಟಿವಿಯ ಕಡೆಗೆ, ಅವರಿಗೆ ಕೇಳಿಸುವುದಷ್ಟೇ. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಅದೂ ಅರ್ಧಂಬರ್ಧ. ಹಂಚಿನ ಮುಂದಿನವಳು ನೋಡಿ ಹೇಳಬೇಕು.

"ಅತ್ತಿ ಮಾರಿ ಹ್ಯಾಂಗ ಮಾಡ್ಯಾಳ?"

"ನಗ್ಲತ್ತಾಳ."

"ಹಲ್ಲು ಕಾಣ್ಲತ್ತಾವೇನು?"

"ಇಲ್ಲ."

"ಹಂಗಿದ್ರ ಸುಳ್ಳ ನಗಿ ಬಿಡು."

ಅವತ್ತು ನಡೆದದ್ದು ಇಷ್ಟು. ಎರಡು ವರ್ಷ ಸೊಸೆಯನ್ನು ಗೋಳು ಹೊಯ್ದುಕೊಂಡ ಅತ್ತೆ ಏಕಾಏಕಿ ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು. ಯಾಕೆ? ಧಾರಾವಾಹಿ ಹೇಳಲಿಲ್ಲ. ಹಿಂದೆ ಸಂಗೀತ ಬಂತು, ಎಲ್ಲರ ಮುಖಕ್ಕೆ ಮೂರು ಮೂರು ಸಲ ಕ್ಯಾಮೆರಾ ಹೋಯಿತು, ಸಂಚಿಕೆ ಮುಗಿಯಿತು. ಜಾಹೀರಾತು ಮುಗಿಯುವುದರೊಳಗೆ ಆ ಕೋಣೆಯಲ್ಲಿ ನಾಲ್ಕು ಲೆಕ್ಕ ಬಂದವು.

ನಾದುವವಳ ಪ್ರಕಾರ ಅತ್ತೆ ಮೊದಲೇ ತಿಜೋರಿ ಖಾಲಿ ಮಾಡಿದ್ದಾಳೆ, ನಾಳೆ ಬಂಗಾರ ಕಾಣೆಯಾದರೆ ಹೆಸರು ಸೊಸೆಯ ಮೇಲೆ. ಬಡಿಯುವವರಲ್ಲಿ ಹಿರಿಯಳು ಒಪ್ಪಲಿಲ್ಲ. "ಅಕಿಗಿ ಜಡ್ಡ ಅದ. ಮೂರು ತಿಂಗಳ ಹಿಂದ ದವಾಖಾನಿಂದ ಒಂದು ಲಕೋಟಿ ತಂದು ಕಪಾಟಿನಾಗ ಇಟ್ಟಿದ್ಲು ನೋಡು, ಅದು ಇನ್ನಾ ಒಡದಿಲ್ಲ." ಇನ್ನೊಬ್ಬಳು, "ಬರೆಯಾವಾ ಬದಲಿ ಆಗ್ಯಾನ, ಮಾತಿನ ಧಾಟಿನೇ ಬ್ಯಾರೆ ಆಗ್ಯದ, ನಿಮ್ಗ ಗೊತ್ತಾಗ್ಲಿಲ್ಲೇನು?" ಹಂಚಿನ ಮುಂದಿನವಳು ಎಲ್ಲರಿಗಿಂತ ಚುರುಕು: "ಆ ಹೆಣ್ಮಗಳು ಬ್ಯಾರೆ ಚಾನಲ್‌ದಾಗ ಹೊಸಾದಕ್ಕ ಬರ್ಲತ್ತಾಳ. ಅದಕ್ಕ ಇಲ್ಲಿ ಛಲೋ ಮಾಡಿ ಕಳಸ್ತಾರ."

ಗಮನಿಸಿ. ಎರಡು ಲೆಕ್ಕ ಕತೆಯ ಒಳಗಿಂದ, ಎರಡು ಹೊರಗಿಂದ. ಮಾತಿನ ಧಾಟಿ ಹಿಡಿದು ಬರೆಯುವ ಕೈ ಬದಲಾದದ್ದನ್ನು ಗುರುತಿಸುವ ವಿದ್ಯೆಗೆ ನಾವು ಕಾಲೇಜಿನಲ್ಲಿ ಶೈಲಿಶಾಸ್ತ್ರ ಎಂಬ ಹೆಸರಿಟ್ಟು ಪರೀಕ್ಷೆಯಲ್ಲಿ ಹದಿನಾರು ಅಂಕಕ್ಕೆ ಕೇಳುತ್ತೇವೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಆ ಲಕೋಟೆ. ಧಾರಾವಾಹಿ ಅದನ್ನು ಮರೆತೇಬಿಟ್ಟಿತ್ತು. ಮುಂದೆಯೂ ಒಡೆಯಲಿಲ್ಲ. ಅತ್ತೆ ಒಳ್ಳೆಯವಳಾಗಿಯೇ ಉಳಿದಳು, ಕಾರಣ ಮಾತ್ರ ಬರಲೇ ಇಲ್ಲ. ಸಾವು ಹತ್ತಿರ ಬಂದಿದೆ ಎಂದು ಗೊತ್ತಾದ ಹೆಂಗಸು ಬೀಗದ ಕೈ ಬಿಟ್ಟುಕೊಡುತ್ತಾಳೆ ಎನ್ನುವ ಲೆಕ್ಕವಿತ್ತಲ್ಲ, ಅದರಲ್ಲಿ ಅತ್ತೆಯ ಎರಡು ವರ್ಷದ ಕೆಟ್ಟತನಕ್ಕೂ ಅವತ್ತಿನ ಒಳ್ಳೆಯತನಕ್ಕೂ ನಡುವೆ ಒಂದು ಸೇತುವೆ ಇತ್ತು. ಪ್ರಸಾರವಾದ ಕತೆಯಲ್ಲಿ ಅದಿರಲಿಲ್ಲ. ಊಹೆ ತಪ್ಪಾಯಿತು ಅನ್ನುತ್ತೀರಾ? ನನ್ನನ್ನು ಕೇಳಿದರೆ ಧಾರಾವಾಹಿಯೇ ತಪ್ಪಿತು.

ಈ ಜಾಣತನ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನಮ್ಮ ಸೀಮೆಗೆ ಟಿವಿ ಬಂದ ಕತೆ ನೆನಪಾಗುತ್ತದೆ. ಇಲ್ಲಿರುವ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಬೆಂಗಳೂರಿಗಿಂತ ಮೊದಲು ಟಿವಿ ನೋಡಿದವರು ನಾವು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. 'ಸೈಟ್' ಪ್ರಯೋಗ ಎಂದು ಅದಕ್ಕೆ ಹೆಸರು. ಆಗಿನ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಛತ್ರಿ, ಊರಿಗೆಲ್ಲ ಒಂದೇ ಟಿವಿ, ಬೇಸಾಯ ಮತ್ತು ಆರೋಗ್ಯದ ಪಾಠ. 1977ರಲ್ಲಿ ಕಲಬುರಗಿಗೆ ದೂರದರ್ಶನದ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರ ನವೆಂಬರ್ 1ಕ್ಕೆ. ಕಲ್ಯಾಣ ಕರ್ನಾಟಕದವರು ಎಲ್ಲದರಲ್ಲೂ ಹಿಂದೆ ಅನ್ನುವವರಿಗೆ ಈ ತಾರೀಖು ಹೇಳಿರಿ. ಇರಲಿ. ಮುಖ್ಯ ಮಾತೆಂದರೆ ಇಲ್ಲಿ ಟಿವಿ ಶುರುವಾದದ್ದೇ ಗುಂಪಿನಲ್ಲಿ, ಹೊರಗೆ, ಮಾತಾಡುತ್ತ. ಒಬ್ಬರೇ ಬಾಗಿಲು ಹಾಕಿಕೊಂಡು ನೋಡುವ ಚಟ ನಮಗೆ ಮೊಬೈಲ್ ಬಂದ ಮೇಲೆ ಹತ್ತಿದ್ದು.

ಅದಕ್ಕೂ ಹಿಂದೆ ದೊಡ್ಡಾಟವಿತ್ತು. ಜಾತ್ರೆಯಲ್ಲಿ ರಾತ್ರಿಯಿಡೀ ಆಟ. ಕತೆ ಯಾರಿಗೆ ಗೊತ್ತಿಲ್ಲ? ಕರ್ಣ ಸಾಯುತ್ತಾನೆ, ಕೌರವನ ತೊಡೆ ಮುರಿಯುತ್ತದೆ. ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಅಲ್ಲಿ ಜಾಗವೇ ಇಲ್ಲ. ಆದರೂ ಬೆಳಗಿನ ಜಾವದ ತನಕ ಕೂತು, ಮರುದಿನ ಹೊಲಕ್ಕೆ ಹೋಗುವ ದಾರಿಯಲ್ಲಿ, ಕುಂತಿ ಆಗಲೇ ಬಾಯಿ ಬಿಡಬೇಕಿತ್ತೋ ಇಲ್ಲವೋ ಎಂದು ವಾದ. ಇನ್ನೊಂದು ಸಂಗತಿ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಅದನ್ನು ತಡೆದು ವಿಚಾರಿಸುತ್ತಾನೆ: ನೀವು ಯಾರು, ಎಲ್ಲಿಂದ ಬಂದಿರಿ, ಈ ಸಭೆಗೆ ಬಂದ ಕಾರಣವೇನು? ರಾಜನಾದರೂ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ನಮ್ಮ ಧಾರಾವಾಹಿಗಳಲ್ಲಿ ಸಾರಥಿ ಇಲ್ಲ. ಹೊಸ ಪಾತ್ರ ಸೀದಾ ಕಾರಿನಿಂದ ಇಳಿದು ಕನ್ನಡಕ ತೆಗೆಯುತ್ತದೆ. ಬಂದ ಕಾರಣ ಕೇಳುವ ಕೆಲಸ ರೊಟ್ಟಿ ಬಡಿಯುವವರ ಪಾಲಿಗೆ ಬಂದಿದೆ.

1988ರಿಂದ 1990ರ ತನಕ ಭಾನುವಾರ ಬೆಳಿಗ್ಗೆ ಬಂದ 'ಮಹಾಭಾರತ'ವನ್ನೂ ನಮ್ಮವರು ದೊಡ್ಡಾಟ ನೋಡುವ ಕಣ್ಣಿನಿಂದಲೇ ನೋಡಿದರು. ಅದರ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ ಎಂಬುದನ್ನು ಇಲ್ಲಿನ ಉರ್ದು ಮೇಷ್ಟ್ರುಗಳು ಹೆಮ್ಮೆಯಿಂದ ಹೇಳುತ್ತಿದ್ದರು. ಅದಕ್ಕೂ ಮುಂಚೆ, 1984ರ ಜುಲೈನಲ್ಲಿ ಶುರುವಾದ 'ಹಮ್ ಲೋಗ್'. ನೂರೈವತ್ತಕ್ಕೂ ಹೆಚ್ಚು ಸಂಚಿಕೆ. ಪ್ರತಿ ಸಂಚಿಕೆಯ ಕೊನೆಗೆ ಹಿಂದಿ ಸಿನಿಮಾ ನಟ ಅಶೋಕ್ ಕುಮಾರ್ ಬಂದು ಆವತ್ತಿನ ಕತೆಯ ಬಗ್ಗೆ ಎರಡು ಮಾತು ಆಡುತ್ತಿದ್ದರು, ನೋಡುಗರು ಅವರಿಗೆ ರಾಶಿ ರಾಶಿ ಪತ್ರ ಬರೆಯುತ್ತಿದ್ದರು. ಅಂದರೆ ನೋಡುಗರಿಗೂ ಅಭಿಪ್ರಾಯ ಇರುತ್ತದೆ ಎಂದು ಒಪ್ಪಿಕೊಂಡೇ ಭಾರತದ ಧಾರಾವಾಹಿ ಶುರುವಾದದ್ದು. ಈಗ ಆ ಜಾಗದಲ್ಲಿ ಏನಿದೆ? "ನಾಳೆಯ ಸಂಚಿಕೆಯಲ್ಲಿ."

ಈಗ ಗಡಿಯ ಮಾತಿಗೆ ಬರುತ್ತೇನೆ. ನನಗೆ ಬಹಳ ಖುಷಿ ಕೊಡುವ ಭಾಗ ಇದು.

ಕನ್ನಡದ ಹೆಸರುವಾಸಿ ಧಾರಾವಾಹಿಗಳಲ್ಲಿ ಬಹಳಷ್ಟು ಬೇರೆ ಭಾಷೆಯಿಂದ ಬಂದವು. ಮೈಸೂರಿನವರಿಗೆ ಅದು ಸುದ್ದಿಯಾಗಿ ಮಾತ್ರ ಗೊತ್ತು. ನಮ್ಮಲ್ಲಿ ಹಾಗಲ್ಲ. ಆಳಂದ, ಬಸವಕಲ್ಯಾಣ, ಔರಾದಿನಲ್ಲಿ ಮರಾಠಿ ನೋಡುತ್ತಾರೆ. ಸೇಡಂ, ಚಿಂಚೋಳಿ, ಗುರುಮಠಕಲ್ಲಿನಲ್ಲಿ ತೆಲುಗು ನೋಡುತ್ತಾರೆ. ಹಿಂದಿ ಎಲ್ಲ ಕಡೆ. ಮೂಲ ಕತೆಯನ್ನು ಊಟದ ಹೊತ್ತಿಗೆ ನೋಡಿ ಮುಗಿಸಿದವರು ನಮ್ಮ ಬೀಗರಲ್ಲೇ ಇರುತ್ತಾರೆ.

'ಜೊತೆ ಜೊತೆಯಲಿ' ನೆನಪಿದೆಯಲ್ಲ? 2019ರ ಸೆಪ್ಟೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾಯಿತು. ನಡುವಯಸ್ಸಿನ ಶ್ರೀಮಂತ ಉದ್ಯಮಿ ಆರ್ಯವರ್ಧನ್, ಅವನ ಅರ್ಧ ವಯಸ್ಸಿನ ಅನು. ಇದರ ಮೂಲ 'ತುಲಾ ಪಾಹತೆ ರೇ' ಎಂಬ ಮರಾಠಿ ಧಾರಾವಾಹಿ. ಅದು 2018ರಲ್ಲಿ ಶುರುವಾಗಿ ವರ್ಷ ತುಂಬುವುದರೊಳಗೆ ಮುಗಿದಿತ್ತು. ಮರಾಠಿಯಲ್ಲಿ ಆ ದೊಡ್ಡ ಮನುಷ್ಯ ಮೊದಲ ಹೆಂಡತಿಯನ್ನು ಕೊಂದವನು ಎಂದು ಬಯಲಾಗುತ್ತದೆ, ನಾಯಕಿ ಆ ಹೆಂಡತಿಯದೇ ಮರುಜನ್ಮ. ಹೀಗಾಗಿ ಕನ್ನಡದಲ್ಲಿ ಆರ್ಯವರ್ಧನ್ ಇನ್ನೂ ನೆರೆತ ಗಡ್ಡ ನೀವಿಕೊಂಡು ಸಾಧುವಿನಂತೆ ಓಡಾಡುತ್ತಿದ್ದಾಗಲೇ ಕಲಬುರಗಿಯ ಮದುವೆ ಮನೆಗಳಲ್ಲಿ ಎರಡು ಪಕ್ಷವಾಗಿದ್ದವು. ನಗರದ ಕನ್ನಡ ಪಕ್ಷ: "ದೇವರಂಥಾ ಮನಷ್ಯಾ." ಆಳಂದದ ಪಕ್ಷ: "ನೋಡಕೋತ ಇರ್ರಿ ವೈನಿ, ಅಂವ ಏನು ಮಾಡ್ಯಾನಂತ ಆಮ್ಯಾಲ ತಿಳೀತದ."

ಕತೆ ಮೊದಲೇ ಗೊತ್ತಾದರೆ ರುಚಿ ಕೆಡುತ್ತದೆ ಅನ್ನುತ್ತಾರೆ. ಆಳಂದದವರ ರುಚಿ ಕೆಡಲಿಲ್ಲ. ಅವರು ಕನ್ನಡದ್ದನ್ನೂ ಬಿಡದೆ ನೋಡಿದರು, ಈ ಮಂಡಳಿಯವರು ಇದೇ ಪ್ರಸಂಗವನ್ನು ಹ್ಯಾಗೆ ಆಡುತ್ತಾರೆ ಎಂದು. ಪ್ರತಿ ನಗುವಿನಲ್ಲಿ, ಪ್ರತಿ ಮೌನದಲ್ಲಿ ಆ ಕೊಲೆಯ ಸುಳಿವು ಹುಡುಕಿದರು. ಏನೂ ಗೊತ್ತಿಲ್ಲದವರಿಗಿಂತ ಹೆಚ್ಚು ಎಚ್ಚರದಿಂದ ನೋಡಿದವರು ಅವರೇ. ಆಮೇಲೆ ಕನ್ನಡದ ಕತೆ ಮರಾಠಿಗಿಂತ ಮೂರು ಪಟ್ಟಿಗೂ ಹೆಚ್ಚು ಉದ್ದವಾಯಿತು. 2022ರಲ್ಲಿ ಆರ್ಯವರ್ಧನ್ ಪಾತ್ರ ಮಾಡುತ್ತಿದ್ದ ನಟ ಅನಿರುದ್ಧ್ ಹೊರಬಂದರು. 2023ರಲ್ಲಿ ಮುಗಿಯುವ ಹೊತ್ತಿಗೆ ಆಳಂದದ ಲೆಕ್ಕಕ್ಕೂ ತೆರೆಯ ಮೇಲಿನ ಕತೆಗೂ ತಾಳೆ ಉಳಿದಿರಲಿಲ್ಲ. ಆಗ ಅವರ ತಕರಾರು ಏನಿತ್ತು ಗೊತ್ತೆ? ನಾವು ಹೇಳಿದಂತೆ ಆಗಲಿಲ್ಲ ಎಂದಲ್ಲ. ಇಷ್ಟು ದಿನ ತೋರಿಸಿದ ಮನುಷ್ಯನ ಒಳಗೆ ಏನಿತ್ತು ಎಂದು ಸರಿಯಾಗಿ ಹೇಳಲಿಲ್ಲ ಎಂದು. ನನಗೆ ಅದು ನ್ಯಾಯವಾದ ತಕರಾರು ಅನ್ನಿಸಿತು.

ತೆಲುಗು ಕಡೆಯ ಉದಾಹರಣೆ 'ಪುಟ್ಟಕ್ಕನ ಮಕ್ಕಳು'. 2021ರ ಡಿಸೆಂಬರಿನಲ್ಲಿ ಶುರುವಾಯಿತು. ಮೂಲ ತೆಲುಗಿನ 'ರಾಧಮ್ಮ ಕೂತುರು'. ಉಮಾಶ್ರೀ ಅವರ ಪುಟ್ಟಕ್ಕ, ಗಂಡ ಬಿಟ್ಟ ಮೇಲೆ ಮೂರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುವ ತಾಯಿ. ನಡುವಿನ ಮಗಳು ಸ್ನೇಹಾ, ದೊಡ್ಡ ಅಧಿಕಾರಿ ಆಗಬೇಕೆಂದು ಓದುವವಳು. 2024ರ ಕೊನೆಗೆ, ಆ ಪಾತ್ರ ಮಾಡುತ್ತಿದ್ದ ನಟಿ ಹೊರನಡೆದಾಗ, ಸ್ನೇಹಾಳನ್ನು ಕತೆಯಲ್ಲಿ ಸಾಯಿಸಿದರು. ಇಲ್ಲಿ ನಮ್ಮ ಹೆಣದ ಕಾಯ್ದೆಗೆ ಕೆಲಸವೇ ಇರಲಿಲ್ಲ. ಎಲ್ಲರಿಗೂ ಕಾರಣ ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಒಬ್ಬ ಅಂಗನವಾಡಿ ಕಾರ್ಯಕರ್ತೆ ನನಗೆ ಹೇಳಿದ್ದು ಹೀಗೆ: "ಮೇಡಂ, ನಟಿ ಹೋದ್ರ ಹೋಗ್ಲಿ, ಬ್ಯಾರೆಯವ್ರನ ತರ್ಲಿ. ಮೂರು ಹೆಣ್ಣು ಹಡದೀ ಅಂತ ಬಿಟ್ಟು ಹೋದ ಗಂಡನ ಮುಂದ ಅಕಿ ಎದಿ ಎತ್ತಿ ನಿಂತಿದ್ದೇ ಆ ಮಗಳಿಂದ. ಅಕಿನ್ನೇ ತೆಗದ್ರ ಪುಟ್ಟಕ್ಕ ಗೆದ್ದಿದ್ದು ಏನು ಬಂತು?" ಇದನ್ನು ನಾನು ಅಭಿಮಾನಿಯ ಅಳು ಎಂದು ಕೇಳಲಿಲ್ಲ. ಕತೆಯ ನಡುಗಂಬ ಯಾವುದು ಎಂದು ಬೆರಳಿಟ್ಟು ತೋರಿಸಿದ ವಿಮರ್ಶೆ ಅದು.

ಒಂದು ಸಣ್ಣ ಅಡ್ಡಮಾತು. ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಲೆಕ್ಕ ನಡೆಯುತ್ತದೆ, ಅದು ತಪ್ಪಿದ್ದು ನಾನು ಬಹಳ ಕಡಿಮೆ ನೋಡಿದ್ದೇನೆ. ಹೊಸ ಪಾತ್ರ ಬಾಯಿ ತೆರೆದು ಉತ್ತರ ಕರ್ನಾಟಕದ ಮಾತು ಆಡಿದರೆ, "ಇವ ಕತಿ ನಡಸಾವ ಅಲ್ಲ ಬಿಡು." ಅಡುಗೆಯವನು, ಕಾವಲಿನವನು, ನಗಿಸುವ ಕಾಕಾ. ಅವನು ಕೊಲೆಗಾರನೂ ಆಗಲಾರ, ಯಾಕೆಂದರೆ ಅಷ್ಟು ದೊಡ್ಡ ಕೆಲಸ ನಮ್ಮ ಮಾತು ಆಡುವವನಿಗೆ ಕೊಡುವುದಿಲ್ಲ! ಅದೂ ಬಹುಪಾಲು ಹುಬ್ಬಳ್ಳಿ ಧಾಟಿ. 'ಹೋಗ್ಲತ್ತೀನಿ, ಬರ್ಲತ್ತೀನಿ' ಅನ್ನುವ ನಾಯಕಿಯನ್ನು ನೋಡುವ ಪುಣ್ಯ ಕಲಬುರಗಿಗೆ ಇನ್ನೂ ಬರಬೇಕಿದೆ.

ಖಳನಾಯಕಿಯ ಪಾತ್ರ ಮಾಡಿದವರನ್ನು ಬಜಾರಿನಲ್ಲಿ ಬೈಯುವ ವಿಷಯ ಕೇಳಿರುತ್ತೀರಿ. ಸಂತೆಯಲ್ಲಿ ಕೈ ಹಿಡಿದು "ಯಾಕವ್ವ ಆ ಸೊಸೀಗಿ ಕಾಡ್ತಿ" ಅನ್ನುವ ಮುದುಕಿಗೆ ಎದುರಿಗಿರುವವಳು ನಟಿ ಎಂದು ಚೆನ್ನಾಗಿಯೇ ಗೊತ್ತಿರುತ್ತದೆ. ಅದು ಅರ್ಧ ಆಟ, ಅರ್ಧ ಶಭಾಷ್‌ಗಿರಿ. ಮೊಬೈಲಿನಲ್ಲಿ ಮುಖ ಮರೆಸಿಕೊಂಡು ನಟಿಯ ಮನೆಮಂದಿಗೆ ಹೊಲಸು ಬರೆಯುವುದು ಬೇರೆ ಜಾತಿಯದು. ಅದನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಟಿಆರ್‌ಪಿಯ ಬಗ್ಗೆ ಒಂದು ಮಾತು. ಟಿವಿ ನೋಡುವವರ ಲೆಕ್ಕ ಹಿಡಿಯುವ ಬಾರ್ಕ್ ಸಂಸ್ಥೆಯ ಮೀಟರ್ ಆಯ್ದ ಕೆಲವು ಮನೆಗಳಲ್ಲಿರುತ್ತದೆ, ಯಾರ ಮನೆ ಎಂಬುದು ಗುಟ್ಟು. ಯಾವ ವಾಹಿನಿ ಎಷ್ಟು ಹೊತ್ತು ನಡೆಯಿತು ಎಂಬುದು ಮೀಟರಿಗೆ ತಿಳಿಯುತ್ತದೆ. ಮೆಚ್ಚಿ ನೋಡಿದರೋ, ಬೈಯುತ್ತ ನೋಡಿದರೋ, ಬೆನ್ನು ಹಾಕಿ ರೊಟ್ಟಿ ಬಡಿಯುತ್ತ ಕೇಳಿದರೋ ಅದಕ್ಕೆ ತಿಳಿಯುವುದಿಲ್ಲ. ಹೀಗಾಗಿ ಅತ್ತೆಯ ಕಾರಣವಿಲ್ಲದ ಒಳ್ಳೆಯತನಕ್ಕೆ ಎಲ್ಲರೂ ತಲೆ ಕೆರೆದುಕೊಂಡು ಮರುದಿನವೂ ಟಿವಿ ಹಚ್ಚಿದರೆ ಗುರುವಾರದ ಅಂಕ ಏರುತ್ತದೆ, ಆ ಟ್ರ್ಯಾಕ್ ಗೆದ್ದಿತು ಎಂದು ತಂಡ ತಿಳಿಯುತ್ತದೆ. ತ್ಯಾಪೆ ಹಚ್ಚಿದವರು ಇವರು, ಹೆಸರು ಅವರಿಗೆ.

ಮಾತು ಮುಗಿದ ಮೇಲೆ ನಿವೃತ್ತ ಮುಖ್ಯಗುರುಗಳೊಬ್ಬರು ಎದ್ದು ಕೇಳಿದರು: "ಇಷ್ಟು ಬುದ್ಧಿ ಖರ್ಚು ಮಾಡಿ ನೋಡುವ ಯೋಗ್ಯತೆ ಆ ಧಾರಾವಾಹಿಗಳಿಗೆ ಇದೆಯೇನ್ರಿ?" ಬಹಳಷ್ಟಕ್ಕೆ ಇಲ್ಲ ಎಂದೆ. ಕತೆ ಗಟ್ಟಿಯಾಗಿದ್ದಾಗ ಜನ ತೀರ್ಪು ಕೊಡುತ್ತಾರೆ, ಸಡಿಲಾದಾಗ ಕಾರಣ ಕಟ್ಟುತ್ತಾರೆ. ಟಿ.ಎನ್. ಸೀತಾರಾಮ್ ಅವರ 'ಮುಕ್ತ' ಬರುತ್ತಿದ್ದಾಗ ನಮ್ಮ ಮನೆಗಳಲ್ಲಿ ಅದರ ವಕೀಲ ಸಿ.ಎಸ್.ಪಿ. ವಾದ ಸರಿಯೋ ತಪ್ಪೋ ಎಂಬ ಚರ್ಚೆ ಇತ್ತು. ಆ ಪಾತ್ರ ಯಾಕೆ ಹಾಗೆ ನಡೆದುಕೊಂಡಿತು ಎಂದು ಯಾರೂ ತಲೆ ಕೆರೆದುಕೊಳ್ಳುತ್ತಿರಲಿಲ್ಲ, ಬರೆದವರೇ ಅದನ್ನು ನೋಡಿಕೊಂಡಿದ್ದರು. ಗುರುಗಳು ತಲೆದೂಗಿ ಕೂತರು, ಒಪ್ಪಿದಂತೆ ಕಾಣಲಿಲ್ಲ.

ಹಿಂದಿನ ಸಾಲಿನಿಂದ ಬೀದರಿನ ಹೆಣ್ಣುಮಗಳೊಬ್ಬಳು ಕೈ ಎತ್ತಿದಳು. "ಮೇಡಂ, ನಿಮ್ಮ ರೊಟ್ಟಿ ಮನಿಯವ್ರ ಲಕೋಟಿ ಮಾತು ಸರಿ ಇಲ್ಲ. ನಾನೂ ಅದು ನೋಡೀನಿ. ಆ ಲಕೋಟಿ ಅತ್ತಿದಲ್ಲ, ಸಣ್ಣ ಮಗಂದು. ದವಾಖಾನಿಗಿ ಹೋದಾಗ ಅಂವನೂ ಸಂಗಟ ಇದ್ದ."

"ಲಕೋಟೆ ಮೇಲಿನ ಹೆಸರು ತೋರಿಸಿಯೇ ಇಲ್ಲವಲ್ಲಮ್ಮ?" ಎಂದೆ.

"ತೋರ್ಸಿಲ್ಲ ಖರೆ. ಆದ್ರ ಕಪಾಟು ಯಾರ ಖೋಲಿದು? ಸಣ್ಣ ಮಗಂದೇ ಅಲ್ಲೇನ್ರಿ?"

ನಾನು ಉತ್ತರ ಕೊಡುವುದರೊಳಗೆ ಅವಳ ಪಕ್ಕದವಳು, ಆ ಖೋಲಿ ಮೊದಲು ಮಾವನದಿತ್ತು, ಮಗ ಬಂದದ್ದು ಆಮೇಲೆ ಎಂದು ಶುರು ಮಾಡಿದಳು.